ಹೋಗುವಾಗ ‘ಬರ್ತೀನಿ’ ಅನ್ನುವ ಆಟ

ನನಗಿನ್ನೂ ಇಪ್ಪತ್ತು ತುಂಬಿಲ್ಲ. ನಾನು ಬಾಯಿ ತೆರೆದು ‘ಆ ಕಾಲದಲ್ಲಿ’ ಎಂದರೆ ಮೈಸೂರಿನ ಅಜ್ಜಿ ಫೋನಿನಲ್ಲೇ ನಗುತ್ತಾರೆ. ಆದರೂ ಅದು ಆ ಕಾಲವೇ. ಊರಿಗೆ ಊರೇ ಮುಖ ಮುಚ್ಚಿಕೊಂಡು ಓಡಾಡುತ್ತಿದ್ದ, ಟೋಕಿಯೋದ ಕೊಂಬಿನಿ ಅಂಗಡಿಯಲ್ಲಿ ನಮಗೂ ದುಡ್ಡು ತಗೊಳ್ಳುವವರಿಗೂ ನಡುವೆ ಪ್ಲಾಸ್ಟಿಕ್ ಪರದೆ ಇಳಿಬಿಟ್ಟಿದ್ದ, ಪಾರ್ಕಿನ ಜಾರುಬಂಡೆಗೂ ಉಯ್ಯಾಲೆಗೂ ಹಳದಿ ಟೇಪು ಸುತ್ತಿದ್ದ ಕಾಲ. ಆಗ ಮಕ್ಕಳಾಗಿದ್ದವರಿಗೆಲ್ಲ ಸ್ಯಾನಿಟೈಸರ್ ವಾಸನೆ ಮೂಗಿಗೆ ಬಡಿದರೆ ಈಗಲೂ ಏನೋ ಒಂದು ನೆನಪಾಗಿಯೇ ಆಗುತ್ತದೆ. ನನಗೆ ನೆನಪಾಗುವುದು ಅಮ್ಮನ ಕೋಡುಬಳೆ, ಅರಾಕಾವಾ ನದಿಯ ದಂಡೆಯ ಹುಲ್ಲು, ಮತ್ತು ಮೊಟ್ಟೆಯ ಆಕಾರದ ಒಂದು ಕೆಂಪು ಚೆಂಡು.

ಮೊದಲು ನನ್ನ ಗಂಟಲಿನ ವಿಷಯ ಹೇಳಿಬಿಡುತ್ತೇನೆ. ಬೆಂಗಳೂರಿನಲ್ಲಿದ್ದಾಗ ನನ್ನ ಗಂಟಲು ಬೀದಿಗೇ ಹೆಸರಾಗಿತ್ತು. ಲಗೋರಿ ಆಡುವಾಗ ನಾನು ಒಮ್ಮೆ ಕೂಗಿದರೆ ಮೂಲೆಮನೆಯ ನಾಯಿ ಎದ್ದು ನಿಲ್ಲುತ್ತಿತ್ತು. ತಂಡ ಆರಿಸುವಾಗ ಎಲ್ಲರೂ ನನ್ನನ್ನು ಮೊದಲು ಕರೆಯುತ್ತಿದ್ದುದು ಓಟಕ್ಕಲ್ಲ, ಕೂಗಿಗೆ. ನನಗೆ ಅದರ ಬಗ್ಗೆ ಸಂಕೋಚವೇನೂ ಇರಲಿಲ್ಲ, ಜಂಬವೇ ಇತ್ತು. ಅಪ್ಪನ ಕಂಪನಿ ಅವರನ್ನು ಟೋಕಿಯೋಗೆ ಕಳಿಸಿದಾಗ ನಾನು ಆ ಗಂಟಲನ್ನೂ ಸೂಟ್‌ಕೇಸಿನ ಜೊತೆಗೇ ತಂದೆ. ಫುನಾಬೊರಿಯಲ್ಲಿ ನಾಲ್ಕನೇ ಮಹಡಿಯ ಪುಟ್ಟ ಮನೆ. ನಾವು ಬಂದು ಸಾಮಾನು ಜೋಡಿಸುವಷ್ಟರಲ್ಲಿ ಶಾಲೆಗಳು ಮುಚ್ಚಿದವು. ಅಪ್ಪ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ಆಫೀಸು ಮಾಡಿಕೊಂಡರು. ನಾನು ಉಳಿದ ಜಾಗದಲ್ಲಿ ಕೂಗಿಕೊಂಡು ಓಡಾಡಿದೆ.

ನಮ್ಮ ಕೆಳಗಿನ ಮನೆಯಲ್ಲಿ ಮೊರಿತಾ ಸಾನ್, ಅಂದರೆ ಮೊರಿತಾ ಅವರು, ಎಂಬ ವಯಸ್ಸಾದವರಿದ್ದರು. ಒಂದು ದಿನ ಅವರು ಒಂದು ಚೀಲ ಕಿತ್ತಳೆಹಣ್ಣು ಹಿಡಿದು ಬಾಗಿಲಿಗೆ ಬಂದರು. ಬಗ್ಗಿ ನಮಸ್ಕರಿಸಿ, ‘ನಿಮ್ಮ ಮಗಳು ತುಂಬಾ ಗೆಂಕಿ’ ಎಂದರು. ಗೆಂಕಿ ಎಂದರೆ ಆರೋಗ್ಯವಾಗಿ, ಚಟುವಟಿಕೆಯಿಂದ ಇರುವುದು ಎಂದು ಅಮ್ಮ ಜಪಾನೀ ಪಾಠದಲ್ಲಿ ಆಗಷ್ಟೇ ಕಲಿತಿದ್ದಳು. ಹಿಗ್ಗಿಹೋದಳು. ‘ಅರಿಗಾತೋ, ಅರಿಗಾತೋ’ ಎಂದು ಅವರಿಗಿಂತ ಹೆಚ್ಚು ಬಗ್ಗಿದಳು. ಮರುದಿನ ಒಂದು ಡಬ್ಬಿ ಕೋಡುಬಳೆ ಮಾಡಿ ಕೊಟ್ಟುಬಂದಳು. ಮುಂದಿನ ವಾರ ಅವರು ಮತ್ತೆ ಬಂದರು, ಮತ್ತೆ ಕಿತ್ತಳೆ, ಮತ್ತೆ ‘ತುಂಬಾ ಗೆಂಕಿ’. ಅಮ್ಮ ಮತ್ತೆ ಕೋಡುಬಳೆ ಕರಿದಳು. ‘ನೋಡು, ನಿನ್ನ ಕಂಡ್ರೆ ಎಷ್ಟು ಪ್ರೀತಿ ಅವರಿಗೆ’ ಎಂದು ನನ್ನ ಬೆನ್ನು ತಟ್ಟಿದಳು. ನಾನು ಇನ್ನಷ್ಟು ಗೆಂಕಿಯಾದೆ.

ಹತ್ತಿರದ ನಿಶಿಕಸಾಯಿಯಲ್ಲಿದ್ದ ಅಮ್ಮನ ಗೆಳತಿ ಶೈಲಾ ಆಂಟಿ ಜಪಾನಿಗೆ ಬಂದು ಬಹಳ ವರ್ಷಗಳಾಗಿದ್ದವು. ಅಮ್ಮ ಹೆಮ್ಮೆಯಿಂದ ಅವರಿಗೆ ಫೋನಿನಲ್ಲಿ ಈ ಕಥೆ ಹೇಳಿದಾಗ ಅವರು ಹೌಹಾರಿದರು.

‘ಅಯ್ಯೋ ಸುಮಾ, ಅದು ಕಂಪ್ಲೇಂಟು ಕಣೇ!’

‘ಕಂಪ್ಲೇಂಟಾ? ಹಣ್ಣು ತಂದ್ಕೊಟ್ರಲ್ಲಾ?’

‘ಹಣ್ಣು ಕೊಟ್ಟು ಹೇಳಿದ್ರೆ ಇನ್ನೂ ದೊಡ್ಡ ಕಂಪ್ಲೇಂಟು. ಮಗು ಗಲಾಟೆ ತಡ್ಕೊಳಕ್ಕಾಗ್ತಿಲ್ಲ ಅಂತ ಅರ್ಥ. ನೀನು ಅದಕ್ಕೆ ಥ್ಯಾಂಕ್ಸ್ ಹೇಳಿ ಕೋಡುಬಳೆ ಬೇರೆ ಕೊಟ್ಟಿದೀಯಾ!’

ಅಮ್ಮ ಫೋನಿಟ್ಟು ಗೋಡೆಗೊರಗಿ ಕೂತಳು. ಮುಖ ಕೆಂಪಗಾಗಿತ್ತು. ಅಪ್ಪ ನಕ್ಕರು, ಅಮ್ಮ ನಗಲಿಲ್ಲ. ಅವತ್ತಿನಿಂದ ನಮ್ಮ ಮನೆಯಲ್ಲಿ ಬೇರೆ ಮಾತೇ ಇಲ್ಲ: ‘ಮೆಲ್ಲಗೆ’. ಮೆಲ್ಲಗೆ ನಡಿ, ಮೆಲ್ಲಗೆ ಕೂತ್ಕೋ, ಮೆಲ್ಲಗೆ ನಗು. ಕುಕ್ಕರ್ ಕೂಗಿದರೂ ಅಮ್ಮ ಓಡಿಹೋಗಿ ಅದರ ಬಾಯಿ ಮುಚ್ಚುತ್ತಿದ್ದಳು. ಭಾರತೀಯ ಶಾಲೆಯಲ್ಲಿ ಸೀಟು ಸಿಗದೆ ನನ್ನನ್ನು ಹತ್ತಿರದ ಜಪಾನೀ ಶಾಲೆಗೆ ಹಾಕಿದ್ದರು. ಅದು ಮತ್ತೆ ತೆರೆದಾಗ ಅಲ್ಲೂ ಅದೇ ಕಥೆ. ಸೋಂಕಿನ ಭಯಕ್ಕೆ ಎಲ್ಲರೂ ಹಲಗೆಯ ಕಡೆ ಮುಖ ಮಾಡಿ, ಒಂದೂ ಮಾತಾಡದೆ ಊಟ ಮುಗಿಸಬೇಕು. ಹಾಡಿನ ತರಗತಿಯಲ್ಲಿ ಹಾಡಬಾರದು, ಬಾಯಿ ಮಾತ್ರ ಆಡಿಸಬೇಕು. ಭಾಷೆ ಬಾರದ ನನಗೆ ಇದರಿಂದ ಅನುಕೂಲವೇ ಆಯಿತು ಎಂದು ಟೀಚರು ಅಂದುಕೊಂಡಿರಬಹುದು. ಬಾಯಿಗೆ ಬೀಗ ಬಿದ್ದಿತ್ತು. ಒಂದು ವರ್ಷ ಹಾಗೇ ಕಳೆದಾಗ, ಕೂಗಬೇಕೆಂದರೂ ಕೂಗು ಬರುತ್ತಿರಲಿಲ್ಲ. ಒಮ್ಮೆ ಸೈಕಲ್ ಒಂದು ನನ್ನ ಗೆಳತಿ ಹರುಕಾಳ ಮೇಲೇ ಬರುತ್ತಿತ್ತು. ನಾನು ಬಾಯಿ ತೆರೆದೆ, ಗಾಳಿ ಬಂತು, ದನಿ ಬರಲಿಲ್ಲ. ಹರುಕಾಗೆ ಏನೂ ಆಗಲಿಲ್ಲ. ನನ್ನದು ಎಂದು ನಾನು ಜಂಬಪಡುತ್ತಿದ್ದ ಒಂದೇ ಒಂದು ವಸ್ತು ಕಳೆದುಹೋಗಿದೆ ಎಂದು ಅವತ್ತು ಗೊತ್ತಾಯಿತು.

ಡ್ಯಾನ್ ಕೋಚ್ ಸಿಕ್ಕಿದ್ದು ಆ ವಸಂತದಲ್ಲಿ. ಅಪ್ಪನ ಜೊತೆ ನದಿದಂಡೆಯಲ್ಲಿ ನಡೆಯುತ್ತಿದ್ದಾಗ ಕೆಂಪು ಚೆಂಡೊಂದು ಹುಲ್ಲಿನ ಮೇಲೆ ಹುಚ್ಚುಹುಚ್ಚಾಗಿ ಪುಟಿಯುತ್ತಾ ನಮ್ಮತ್ತ ಬಂತು. ‘ರಗ್ಬಿ’ ಎಂದರು ಅಪ್ಪ, ಎಲ್ಲ ಗೊತ್ತಿರುವವರ ಹಾಗೆ. ಚೆಂಡಿನ ಹಿಂದೆ ಓಡಿಬಂದ ಎತ್ತರದ ಬಿಳಿಯ ಮನುಷ್ಯ, ಒಂದು ಮಂಡಿಗೆ ಕಪ್ಪು ಪಟ್ಟಿ ಸುತ್ತಿಕೊಂಡವನು, ರಗ್ಬಿ ಎಂಬ ಮಾತು ಕಿವಿಗೆ ಬಿದ್ದು ಮುಖ ಹುಳ್ಳಗೆ ಮಾಡಿದ. ರಗ್ಬಿಯಲ್ಲ, ಆಸ್ಟ್ರೇಲಿಯಾದ ಫುಟ್‌ಬಾಲು ಎಂದ. ಆಮೇಲೆ ನನ್ನ ಕೈಗೆ ಚೆಂಡು ಕೊಟ್ಟು, ಒದಿ ನೋಡೋಣ ಎಂದು ಸನ್ನೆ ಮಾಡಿದ. ನಾನು ಒದ್ದೆ. ಅದು ಅವನ ತಲೆಯ ಮೇಲಿಂದ ಹೋಯಿತು. ಅವನು ಹಿಂದಕ್ಕೆ ಓಡಿ, ಆ ಪಟ್ಟಿ ಕಟ್ಟಿದ ಕಾಲಿನಲ್ಲೇ ಹಾರಿ, ಗಾಳಿಯಲ್ಲಿ ಚೆಂಡನ್ನು ಹಣ್ಣು ಕಿತ್ತಂತೆ ಕಿತ್ತುಕೊಂಡ. ಅಷ್ಟು ಚೆಂದದ ಹಾರುವಿಕೆಯನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಅವನು ಮೆಲ್ಬರ್ನಿನ ದೊಡ್ಡ ಕ್ಲಬ್ಬೊಂದರಲ್ಲಿ ಕೆಲವು ವರ್ಷ ಆಡಿದವನು. ಮಂಡಿ ಕೈಕೊಟ್ಟ ಮೇಲೆ ಒಂದು ಸಣ್ಣ ಊರಿನ ತಂಡಕ್ಕೆ ಅಸಿಸ್ಟೆಂಟ್ ಕೋಚ್ ಆದ. ಹೆಂಡತಿ ಯುಕಿ ಸಾನ್‌ಗೆ ಟೋಕಿಯೋದಲ್ಲಿ ಕೆಲಸ ಸಿಕ್ಕಿದಾಗ ಜೊತೆಗೆ ಬಂದು, ಇಲ್ಲಿಯ ಹವ್ಯಾಸಿ ತಂಡವೊಂದಕ್ಕೂ ಅಸಿಸ್ಟೆಂಟ್ ಕೋಚೇ ಆದ. ಹೆಡ್ ಕೋಚ್ ರಜೆಗೆಂದು ಆಸ್ಟ್ರೇಲಿಯಾಕ್ಕೆ ಹೋದವರು ಗಡಿ ಮುಚ್ಚಿ ಅಲ್ಲೇ ಉಳಿದುಬಿಟ್ಟರು. ದೊಡ್ಡವರ ಆಟ ನಿಂತುಹೋಯಿತು. ಕೈಕಟ್ಟಿ ಕೂರಲಾರದೆ ಅವನು ನದಿದಂಡೆಯಲ್ಲಿ ಮಕ್ಕಳನ್ನು ಸೇರಿಸತೊಡಗಿದ. ನಾವು ‘ಕೋಚ್’ ಎಂದರೆ, ‘ಅಸಿಸ್ಟೆಂಟ್ ಕೋಚ್’ ಎಂದು ಪ್ರತಿಸಲವೂ ತಿದ್ದುತ್ತಿದ್ದ.

‘ಹಾಗಾದ್ರೆ ಹೆಡ್ ಕೋಚ್ ಯಾರು?’ ಎಂದು ಶೈಲಾ ಆಂಟಿಯ ಮಗ ಪ್ರಣವ ಒಮ್ಮೆ ಇಂಗ್ಲಿಷಿನಲ್ಲಿ ಕೇಳಿದ.

‘ಯಾರಿಗೆ ಗೊತ್ತು? ಬರುವವರೆಗೂ ನಾನಿದ್ದೇನೆ’ ಎಂದ ಡ್ಯಾನ್.

ಶನಿವಾರ ಮಧ್ಯಾಹ್ನಗಳು ನಮ್ಮವಾದವು. ಓಡುವಾಗ ಮಾಸ್ಕ್ ಗದ್ದಕ್ಕಿಳಿಸಬಹುದಿತ್ತು, ನಿಂತಾಗ ಏರಿಸಬೇಕಿತ್ತು. ಬಿಸಿಲಿಗೆ ಕಾದ ಹುಲ್ಲಿನ ವಾಸನೆ, ಚೆಂಡಿನ ಚರ್ಮದ ವಾಸನೆ, ಚಳಿ ಶುರುವಾದ ಮೇಲೆ ದಂಡೆಯ ಆಚೆ ರಸ್ತೆಯಲ್ಲಿ ಹೋಗುತ್ತಿದ್ದ ಸುಟ್ಟ ಗೆಣಸಿನ ಗಾಡಿಯ ವಾಸನೆ. ಹರುಕಾಳ ಅಮ್ಮ ಬಾರ್ಲಿ ಚಹಾ ಕಳಿಸುತ್ತಿದ್ದರು. ನಮ್ಮಮ್ಮ ಕೋಡುಬಳೆ ಕಳಿಸುತ್ತಿದ್ದಳು, ಮನೆಯಲ್ಲಿ ತಿಂದರೆ ಕರುಂ ಕರುಂ ಸದ್ದು ಕೆಳಗೆ ಕೇಳುತ್ತದೆಂದು. ಕೈಗೆ ಸ್ಯಾನಿಟೈಸರ್ ಹಚ್ಚಿ ಒಣಗುವ ಮೊದಲೇ ಡಬ್ಬಿಗೆ ಕೈ ಹಾಕುತ್ತಿದ್ದೆವು. ಇಂಗಿಗೂ ಸ್ಯಾನಿಟೈಸರಿಗೂ ಕೂಡಿದ ಆ ರುಚಿ ಪ್ರಪಂಚದಲ್ಲಿ ಇನ್ನೆಲ್ಲೂ ಸಿಗಲಿಕ್ಕಿಲ್ಲ.

ಆ ಆಟದಲ್ಲಿ ಚೆಂಡನ್ನು ಎಸೆಯುವಂತಿಲ್ಲ, ಒಂದು ಕೈಯಲ್ಲಿಟ್ಟು ಇನ್ನೊಂದರ ಮುಷ್ಟಿಯಿಂದ ಗುದ್ದಬೇಕು, ಇಲ್ಲವೇ ಒದೆಯಬೇಕು. ಒದ್ದ ಚೆಂಡನ್ನು ಗಾಳಿಯಲ್ಲೇ ಹಿಡಿದರೆ ಅದಕ್ಕೆ ‘ಮಾರ್ಕ್’ ಎನ್ನುತ್ತಾರೆ, ಹಿಡಿದವರು ಆಮೇಲೆ ಯಾರ ಅಡ್ಡಿಯೂ ಇಲ್ಲದೆ ಒದೆಯಬಹುದು. ಒಂದು ಶನಿವಾರ ನಾನು ಮನೆಗೆ ಬಂದು ‘ಇವತ್ತು ನಂಗೆ ಏಳು ಮಾರ್ಕ್ಸು!’ ಎಂದಾಗ ಅಮ್ಮ ಒಗ್ಗರಣೆ ಸೌಟು ಹಿಡಿದೇ ಹೊರಗೆ ಬಂದು, ‘ಎಷ್ಟಕ್ಕೆ?’ ಎಂದಿದ್ದಳು. ಕಂಬಗಳು ನಾಲ್ಕು. ನಡುವಿನ ಎರಡರ ಮಧ್ಯೆ ಒದ್ದರೆ ಗೋಲು, ಆರು ಪಾಯಿಂಟು. ಗುರಿ ತಪ್ಪಿ ಪಕ್ಕದ ಕಂಬಗಳ ನಡುವೆ ಹೋದರೂ ಒಂದು ಪಾಯಿಂಟು ಕೊಡುತ್ತಾರೆ. ತಪ್ಪಿಗೂ ಪಾಯಿಂಟು ಕೊಡುವ ಆಟ ನನಗೆ ಮೊದಲ ದಿನವೇ ಹಿಡಿಸಿತು.

ಡ್ಯಾನ್ ನನ್ನನ್ನು ಕಾವಲಿಗೆ ಹಾಕಿದ್ದ. ನಮ್ಮ ಗೋಲಿನ ಹತ್ತಿರ ನಿಂತು, ಎದುರು ತಂಡದ ಒಬ್ಬರನ್ನು ಬಿಡದೆ ಕಾಯಬೇಕು. ಅವನೂ ಅದೇ ಜಾಗದಲ್ಲಿ ಆಡಿದವನು. ಕೆಲವು ಸಲ ಪಕ್ಕದವನ ಕಡೆಗೆ ಚೆಂಡು ಎತ್ತರಕ್ಕೆ ಬರುತ್ತದೆ, ಅವನೊಬ್ಬನಿಗೆ ಆಗುವುದಿಲ್ಲ, ಆಗ ನಾವು ಕಾಯುತ್ತಿರುವವರನ್ನು ಬಿಟ್ಟು ಓಡಬೇಕು. ಆದರೆ ಬಿಡುವ ಮೊದಲು ಕೂಗಬೇಕು. ಕೂಗು ಕೇಳಿ ಇನ್ನೊಬ್ಬರು ನಮ್ಮ ಜಾಗಕ್ಕೆ ಬರುತ್ತಾರೆ. ಕೂಗದೆ ಬಿಟ್ಟರೆ ಆ ಜಾಗ ಖಾಲಿ. ಇದನ್ನು ಹೇಳುವಾಗ ಮಾತ್ರ ಅವನು ನಗುತ್ತಿರಲಿಲ್ಲ.

‘ಕೂಗದವರು ಕಾವಲಿನಲ್ಲಿ ಆಡುವ ಹಾಗಿಲ್ಲ’ ಎಂದ. ಚಳಿಗಾಲಕ್ಕೆ ಮೊದಲು ಮಿನಾಟೋ ಕಡೆಯ ಮಕ್ಕಳ ತಂಡದ ಜೊತೆ ನಮಗೊಂದು ಪಂದ್ಯ ನಿಗದಿಯಾಗಿತ್ತು. ರಾಯಭಾರ ಕಚೇರಿಗಳ, ದೊಡ್ಡ ದೊಡ್ಡ ಕಂಪನಿಗಳ ಮಕ್ಕಳು, ಅರ್ಧಕ್ಕರ್ಧ ಆಸ್ಟ್ರೇಲಿಯಾದವರೇ. ಆ ಪಂದ್ಯದಲ್ಲಿ ಆಡಲೇಬೇಕೆಂದು ನನಗೆ ಹಟ. ಒದೆಯಲು ಬರುತ್ತಿತ್ತು, ಹಿಡಿಯಲು ಬರುತ್ತಿತ್ತು. ಕೂಗಲು ಬಾಯಿ ತೆರೆದರೆ ಸೊಳ್ಳೆಯ ದನಿ. ಇಂಗ್ಲಿಷಿನಲ್ಲಿ ಪ್ರಯತ್ನಿಸಿದೆ, ಜಪಾನೀ ಭಾಷೆಯಲ್ಲಿ ಪ್ರಯತ್ನಿಸಿದೆ. ಕಿವಿಯೊಳಗೆ ಅಮ್ಮನ ‘ಮೆಲ್ಲಗೆ’ ಮೊದಲು ಬರುತ್ತಿತ್ತು, ನನ್ನ ಕೂಗು ಆಮೇಲೆ.

ಒಂದು ಶನಿವಾರ ಅಭ್ಯಾಸ ನಿಲ್ಲಿಸಿ ಡ್ಯಾನ್ ಕೇಳಿದ. ‘ನಿಧಿ, ನಿನಗೆ ಕೂಗಲು ಬರುವುದಿಲ್ಲ ಎಂದು ನಾನು ನಂಬುವುದಿಲ್ಲ. ನಾನು ನಿಮ್ಮ ಬಿಲ್ಡಿಂಗಿನ ಕೆಳಗೆ ಸೈಕಲ್ ನಿಲ್ಲಿಸಿ ಕಾಯುತ್ತೇನಲ್ಲ, ಪ್ರತಿ ವಾರ ನಾಲ್ಕನೇ ಮಹಡಿಯಿಂದ ಏನೋ ಕೂಗಿ ಇಳಿದು ಬರುತ್ತೀಯ. ಏನದು?’

ನನಗೇ ಗೊತ್ತಿರಲಿಲ್ಲ. ಯೋಚಿಸಿದ ಮೇಲೆ ಹೊಳೆಯಿತು. ‘ಅಮ್ಮಾ, ಬರ್ತೀನಿ!’ ಬಾಗಿಲು ದಾಟುವಾಗ ಅದನ್ನು ಹೇಳದೆ ಹೊರಟ ದಿನವೇ ಇಲ್ಲ. ಅಮ್ಮ ಅಡುಗೆಮನೆಯಿಂದ ‘ಶ್!’ ಎಂದು ಗದರಿ, ಆಮೇಲೆ ಪಿಸುಮಾತಿನಲ್ಲಿ ‘ಹೂಂ, ಹುಷಾರಾಗಿ ಹೋಗ್ಬಾ’ ಎನ್ನುತ್ತಿದ್ದಳು. ಎಲ್ಲ ಕೂಗನ್ನೂ ಮನೆಯಿಂದ ಹೊರಗೆ ಹಾಕಿದ ಮೇಲೂ ಅದೊಂದು ಉಳಿದುಕೊಂಡಿತ್ತು.

‘ಬಿಟ್ಟು ಹೋಗುವಾಗ ಹೇಳುವ ಮಾತು ತಾನೇ? ಅದೇ ಸಾಕು. ಅದನ್ನೇ ಕೂಗು’ ಎಂದ ಡ್ಯಾನ್.

ಪ್ರಣವ ಹುಟ್ಟಿದ್ದೇ ಜಪಾನಿನಲ್ಲಿ. ಕನ್ನಡ ಮಾತಾಡು ಎಂದರೆ ಓಡಿಹೋಗುತ್ತಿದ್ದ, ಆದರೆ ತಪ್ಪು ಹಿಡಿಯಲು ಮಾತ್ರ ಅವನ ಕನ್ನಡ ಸದಾ ತಯಾರಿರುತ್ತಿತ್ತು. ‘ಕೋಚ್, ಅದರ ಅರ್ಥ ಹೋಗ್ತೀನಿ ಅಂತಲ್ಲ. ಬರುತ್ತೇನೆ ಅಂತ’ ಎಂದ ಇಂಗ್ಲಿಷಿನಲ್ಲಿ.

ಡ್ಯಾನ್ ತಲೆ ಕೆರೆದುಕೊಂಡ. ‘ಇವಳು ಹೋಗುತ್ತಿದ್ದಾಳೋ, ಬರುತ್ತಿದ್ದಾಳೋ?’

‘ಹೋಗುತ್ತಿದ್ದೇನೆ’ ಎಂದೆ ನಾನು.

‘ಮತ್ತೆ ಬರುತ್ತೇನೆ ಅಂತ ಯಾಕೆ ಹೇಳುತ್ತೀಯ?’

‘ಹೋಗ್ತೀನಿ ಅಂದ್ರೆ ಅಮ್ಮ ಬೈತಾಳೆ. ಮನೆಯಿಂದ ಹೊರಡುವಾಗ ಹಾಗೆ ಹೇಳಬಾರದು.’

ಹರುಕಾಗೆ ಇದರಲ್ಲಿ ಅರ್ಥವಾಗದ್ದು ಏನೂ ಇರಲಿಲ್ಲ. ‘ಇತ್ತೆ ಕಿಮಾಸ್!’ ಎಂದಳು. ಜಪಾನಿನ ಮಕ್ಕಳು ಮನೆಯಿಂದ ಹೊರಡುವಾಗ ಕೂಗುವುದು ಅದನ್ನೇ. ಹೋಗಿ ಬರುತ್ತೇನೆ. ‘ನಿಮ್ಮಲ್ಲೂ ಹೇಳ್ತಾರಾ, ನಿಜಿ?’ ಎಂದು ನನ್ನ ಕೈ ಹಿಡಿದು ಕುಣಿದಳು. ನಿಧಿ ಎನ್ನಲು ಬಾರದೆ ಅವಳು ನನ್ನನ್ನು ನಿಜಿ ಎನ್ನುತ್ತಿದ್ದಳು. ಅವರ ಭಾಷೆಯಲ್ಲಿ ಕಾಮನಬಿಲ್ಲು. ನಾನೂ ತಿದ್ದಲು ಹೋಗಲಿಲ್ಲ.

ಡ್ಯಾನ್ ಮಾತ್ರ ಹುಲ್ಲಿನ ಮೇಲೆ ಕೂತುಬಿಟ್ಟ. ಮಂಡಿಯ ಪಟ್ಟಿ ಬಿಚ್ಚಿ ಮತ್ತೆ ಕಟ್ಟಿಕೊಂಡ. ತನ್ನ ಭಾಷೆಯಲ್ಲಿ ಇದಕ್ಕೆ ಮಾತಿಲ್ಲ ಎಂದ. ಆಮೇಲೆ ತನ್ನ ಕಥೆ ಹೇಳಿದ. ಮೆಲ್ಬರ್ನಿನಲ್ಲಿ ದೊಡ್ಡ ಪಂದ್ಯ, ಕೊನೆಯ ನಿಮಿಷಗಳು, ಅವನ ತಂಡವೇ ಮುಂದಿತ್ತು. ಪಕ್ಕದಲ್ಲಿ ಚೆಂಡು ಎತ್ತರಕ್ಕೆ ಬಂತು. ಹಾರಿದರೆ ಸಿಕ್ಕೇ ಸಿಗುತ್ತದೆ ಎಂದುಕೊಂಡು, ತಾನು ಕಾಯುತ್ತಿದ್ದವನನ್ನು ಬಿಟ್ಟು ಓಡಿದ. ಯಾರಿಗೂ ಹೇಳಲಿಲ್ಲ. ಚೆಂಡು ಬೆರಳ ತುದಿ ಸವರಿ ಹಿಂದಕ್ಕೆ ಬಿತ್ತು. ಅಲ್ಲಿ ಅವನು ಬಿಟ್ಟು ಬಂದವನು ಒಬ್ಬನೇ ನಿಂತಿದ್ದ. ಗೋಲು. ಆ ಊರಿನಲ್ಲಿ ಅವನ ಉಳಿದೆಲ್ಲ ಆಟ ಮರೆತುಹೋಗಿ, ಅದೊಂದೇ ಎಲ್ಲರ ನೆನಪಿನಲ್ಲಿ ಉಳಿಯಿತು.

‘ನಾನು ಹೋದೆ, ಬರಲಿಲ್ಲ’ ಎಂದ. ‘ನೀವು ಹಾಗೆ ಮಾಡಬೇಡಿ. ಬರ್ತೀನಿ ಅಂದವರು ಬರಲೇಬೇಕು. ಚೆಂಡು ಸಿಗಲಿ, ಬಿಡಲಿ, ನಿಮ್ಮ ಜಾಗಕ್ಕೆ ವಾಪಸ್.’

ಅವತ್ತಿನಿಂದ ಅದು ನಮ್ಮ ತಂಡದ ಕೂಗಾಯಿತು. ಹರುಕಾ ‘ಬರುತೀನಿ’ ಎಂದು ಉದ್ದಕ್ಕೆ ಎಳೆಯುತ್ತಿದ್ದಳು. ಡ್ಯಾನ್‌ನ ‘ತ’ ಗಟ್ಟಿಯಾಗಿ ‘ಬಾರ್ಟೀನಿ’ ಆಗುತ್ತಿತ್ತು. ಕನ್ನಡ ಎಂದರೆ ಓಡುತ್ತಿದ್ದ ಪ್ರಣವ ದಿನಕ್ಕೆ ನೂರು ಸಲ ಕನ್ನಡದಲ್ಲಿ ಕೂಗುತ್ತಿದ್ದ. ಶೈಲಾ ಆಂಟಿ ಖುಷಿಯಿಂದ ಕಣ್ಣೊರೆಸಿಕೊಂಡರು. ನನ್ನ ದನಿ ಸೊಳ್ಳೆಯಿಂದ ದುಂಬಿಯವರೆಗೆ ಬಂತು, ಅಷ್ಟೇ.

ಪಂದ್ಯದ ದಿನ ಆಕಾಶ ತೊಳೆದಿಟ್ಟಂತಿತ್ತು. ಮಿನಾಟೋ ಮಕ್ಕಳ ಜರ್ಸಿಯ ಬೆನ್ನಿನ ಮೇಲೆ ಹೆಸರುಗಳಿದ್ದವು. ನಮ್ಮದು ಬಣ್ಣ ಹೋದ ಹಳೇ ಟೀ ಶರಟುಗಳು. ಅಪ್ಪ ಅಮ್ಮಂದಿರು ಒಬ್ಬರಿಂದೊಬ್ಬರು ದೂರ ದೂರ ಚಾಪೆ ಹಾಸಿ ಕೂತಿದ್ದರು. ನೋಡುವವರು ಚಪ್ಪಾಳೆ ತಟ್ಟಬಹುದು, ಕೂಗುವಂತಿಲ್ಲ ಎಂದು ಮೊದಲೇ ಎಲ್ಲರಿಗೂ ಹೇಳಲಾಗಿತ್ತು. ನಿಯಮ ಪಾಲಿಸುವುದರಲ್ಲಿ ನಮ್ಮಮ್ಮನನ್ನು ಮೀರಿಸುವವರಿರಲಿಲ್ಲ, ಎರಡೆರಡು ಮಾಸ್ಕ್ ಹಾಕಿಕೊಂಡು ಬಂದಿದ್ದಳು. ದಂಡೆಯ ಮೇಲಿನ ದಾರಿಯಲ್ಲಿ ಮೊರಿತಾ ಸಾನ್ ತಮ್ಮ ಪುಟ್ಟ ನಾಯಿಯನ್ನು ಅಡ್ಡಾಡಿಸುತ್ತಾ ಬಂದವರು ನಿಂತು ನೋಡತೊಡಗಿದರು. ಅವರನ್ನು ಕಂಡು ಅಮ್ಮ ಕೂತಲ್ಲೇ ಅರ್ಧ ಎದ್ದು, ಏನೂ ಮಾಡದೆ ಇದ್ದರೂ ಕ್ಷಮೆ ಕೇಳುತ್ತಾ ‘ಸುಮಿಮಾಸೆನ್’ ಎಂದು ಬಗ್ಗಿದಳು.

ಮೊದಲರ್ಧದಲ್ಲಿ ನಾನು ಎಡವಿದೆ. ನಮ್ಮ ಪ್ರಣವ ಕಾಯುತ್ತಿದ್ದುದು ಜಿರಾಫೆಯಂಥ ಹುಡುಗನೊಬ್ಬನನ್ನು. ಅವನತ್ತ ಚೆಂಡು ಬಂದಾಗ ನಾನು ಕಾಯುತ್ತಿದ್ದ ಎರಡು ಜಡೆಯ ಹುಡುಗಿಯನ್ನು ಬಿಟ್ಟು ಓಡಿದೆ. ‘ಬರ್ತೀನಿ’ ಎಂದೆ, ಆದರೆ ಅದು ನನ್ನ ಮಾಸ್ಕಿಗೆ ಮಾತ್ರ ಕೇಳಿಸಿತು. ಹರುಕಾಗೆ ಗೊತ್ತಾಗಲಿಲ್ಲ. ಚೆಂಡು ಕೈತಪ್ಪಿತು, ಎರಡು ಜಡೆಯವಳು ಆರಾಮಾಗಿ ಗೋಲು ಹೊಡೆದಳು.

ವಿರಾಮದಲ್ಲಿ ಡ್ಯಾನ್ ನನ್ನ ಪಕ್ಕ ಬಂದು ಕೂತ. ನನ್ನನ್ನು ತೆಗೆದುಹಾಕುತ್ತಾನೆಂದುಕೊಂಡೆ. ಅವನು ಡಬ್ಬಿಯಿಂದ ಒಂದು ಕೋಡುಬಳೆ ತೆಗೆದು ಕರುಂ ಎಂದು ಕಚ್ಚಿದ.

‘ಅದು ಮನೆಯೊಳಗೆ ಪಿಸುಗುಟ್ಟುವ ದನಿಯಾಗಿತ್ತು. ನೀನು ಹೇಳುತ್ತಿದ್ದೆಯಲ್ಲ, ಬೆಂಗಳೂರಿನ ಆ ದನಿಯನ್ನು ಎಲ್ಲಿಟ್ಟಿದ್ದೀಯ?’

‘ಕಳೆದುಹೋಗಿದೆ.’

‘ಇಲ್ಲ. ಅಸಿಸ್ಟೆಂಟ್ ಕೋಚ್‌ಗಳಿಗೆ ಎಲ್ಲ ಗೊತ್ತಿರುತ್ತದೆ’ ಎಂದು ಎದ್ದುಹೋದ. ನನ್ನನ್ನು ತೆಗೆಯಲಿಲ್ಲ.

ಕೊನೆಗೊಂದು ಹೊತ್ತು ಬಂತು. ನಾವು ಮೂರು ಪಾಯಿಂಟು ಮುಂದಿದ್ದೆವು, ಅವರಿಗೊಂದು ಗೋಲು ಸಿಕ್ಕರೆ ಮುಗಿಯಿತು. ಅವರ ಕಡೆಯವರು ಒದ್ದ ಚೆಂಡು ಬಿಸಿಲಿನಲ್ಲಿ ತಿರುಗುತ್ತಾ ನೇರವಾಗಿ ಜಿರಾಫೆಯ ಕಡೆಗೇ ಬಂತು. ಕೆಳಗೆ ನಮ್ಮ ಪ್ರಣವ, ಅವನ ಎದೆಯೆತ್ತರ. ನಾನು ಮಾಸ್ಕನ್ನು ಎಳೆದೆಸೆದು ಓಡಿದೆ. ಓಡುವಾಗ ಯೋಚಿಸಲಿಲ್ಲ, ಬಾಗಿಲು ದಾಟುವಾಗ ಯಾರು ಯೋಚಿಸುತ್ತಾರೆ?

‘ಬರ್ತೀನೀ!’

ಬಂತು. ಲಗೋರಿಯ ಕೂಗು, ಮೂಲೆಮನೆಯ ನಾಯಿಯನ್ನು ಎಬ್ಬಿಸುತ್ತಿದ್ದ ಕೂಗು. ಮೊರಿತಾ ಸಾನ್ ಅವರ ನಾಯಿ ಬೊಗಳಿತು. ಸೇತುವೆಯ ಮೇಲೆ ಹೋಗುತ್ತಿದ್ದವರು ತಿರುಗಿದರು. ಚಾಪೆಯ ಕಡೆಯಿಂದ, ಎರಡು ಮಾಸ್ಕುಗಳನ್ನು ಹರಿದುಕೊಂಡು ಬಂದಂತೆ, ನನ್ನದಕ್ಕಿಂತ ಎರಡು ಪಟ್ಟು ದೊಡ್ಡ ದನಿ ಕೇಳಿಸಿತು.

‘ಹೂಂ! ಹುಷಾರಾಗಿ ಹೋಗ್ಬಾ!’

ನಮ್ಮಮ್ಮ. ನನ್ನ ಗಂಟಲು ಎಲ್ಲಿಂದ ಬಂದದ್ದೆಂದು ಅವತ್ತು ಇಡೀ ನದಿದಂಡೆಗೆ ಗೊತ್ತಾಯಿತು.

ನಗು ಬರುತ್ತಿದ್ದರೂ ಹಾರಿದೆ. ಹಿಡಿಯಲಾಗಲಿಲ್ಲ, ಮುಷ್ಟಿಯಿಂದ ಗುದ್ದಿದೆ. ಚೆಂಡು ಪಕ್ಕದ ಕಂಬಗಳ ನಡುವೆ ಉರುಳಿಹೋಯಿತು. ಅವರಿಗೆ ಒಂದೇ ಪಾಯಿಂಟು. ನಾನು ಮುಖ ಅಡಿಯಾಗಿ ಬಿದ್ದೆ, ಬಾಯಿ ತುಂಬ ಹುಲ್ಲು. ಎದ್ದವಳೇ ಹರುಕಾ ಹಿಡಿದುಕೊಂಡಿದ್ದ ನನ್ನ ಜಾಗಕ್ಕೆ ಓಡಿಹೋಗಿ ಎರಡು ಜಡೆಯವಳ ಪಕ್ಕ ನಿಂತೆ. ಆ ಹೊತ್ತಿಗೆ ಸೀಟಿ ಊದಿಯಾಗಿತ್ತು.

‘ಮುಗಿದುಹೋಯಿತಲ್ಲ, ಮತ್ತೆ ಯಾಕೆ ಬಂದೆ?’ ಎಂದಳು ಆ ಹುಡುಗಿ ಇಂಗ್ಲಿಷಿನಲ್ಲಿ.

‘ಬರುತ್ತೇನೆ ಅಂದಿದ್ದೆನಲ್ಲ’ ಎಂದೆ.

ಅಮ್ಮ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ಕೂತಿದ್ದಳು. ಅಪ್ಪ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಡ್ಯಾನ್ ಗೆದ್ದದ್ದನ್ನು ಬಿಟ್ಟು, ಎರಡು ಜಡೆಯವಳ ಪಕ್ಕ ನಿಂತಿದ್ದ ನನ್ನನ್ನೇ ನೋಡುತ್ತಿದ್ದ. ಕಣ್ಣು ಒದ್ದೆಯಾಗಿತ್ತು, ಒರೆಸಿಕೊಳ್ಳಲೂ ಇಲ್ಲ. ದಂಡೆಯಿಂದ ಇಳಿದುಬಂದ ಮೊರಿತಾ ಸಾನ್ ಅಮ್ಮನ ಮುಂದೆ ಬಗ್ಗಿ ಹೇಳಿದರು: ‘ತಾಯಿಯೂ ತುಂಬಾ ಗೆಂಕಿ.’ ಅವರ ಮಾಸ್ಕಿನ ಮೇಲೆ ಕಣ್ಣುಗಳು ನಗುತ್ತಿದ್ದವು. ಅದು ಕಂಪ್ಲೇಂಟೋ ಮೆಚ್ಚುಗೆಯೋ ಎಂದು ಅಮ್ಮನೂ ಶೈಲಾ ಆಂಟಿಯೂ ವಾರಗಟ್ಟಲೆ ಚರ್ಚಿಸಿದರು. ಕೊನೆಗೆ ಯಾವುದಕ್ಕೂ ಇರಲಿ ಎಂದು ಒಂದು ಡಬ್ಬಿ ಕೋಡುಬಳೆ ಕೊಟ್ಟರು.

ಮುಂದಿನ ವಸಂತದಲ್ಲಿ ಗಡಿಗಳು ತೆರೆದವು. ಮೆಲ್ಬರ್ನಿನ ಕ್ಲಬ್ಬೊಂದು ಡ್ಯಾನ್‌ನನ್ನು ಕರೆಯಿತು, ಕಾವಲಿನವರನ್ನು ತಯಾರು ಮಾಡುವ ಅಸಿಸ್ಟೆಂಟ್ ಕೋಚ್ ಆಗಿ. ಅವನ ಪಾಲಿಗೆ ಅದಕ್ಕಿಂತ ದೊಡ್ಡ ಕೆಲಸವಿರಲಿಲ್ಲ. ಫುನಾಬೊರಿ ಸ್ಟೇಷನ್ನಿನಲ್ಲಿ ನಾವೆಲ್ಲ ಬೀಳ್ಕೊಡಲು ನಿಂತಿದ್ದೆವು. ಯುಕಿ ಸಾನ್ ನಮ್ಮ ಕಡೆ ತಿರುಗಿ ‘ಇತ್ತೆ ಕಿಮಾಸ್’ ಎಂದರು. ಡ್ಯಾನ್ ಅಮ್ಮನ ಮುಂದೆ ಬಂದು, ಫೋನಿನಲ್ಲಿ ನೋಡಿ ಕಲಿತ ಕನ್ನಡದಲ್ಲಿ, ಒಂದೊಂದೇ ಅಕ್ಷರ ಜೋಡಿಸಿ ಹೇಳಿದ: ‘ಹೋಗ್ತೀನಿ.’

ಅಮ್ಮ ಬೆಚ್ಚಿದಳು. ‘ಅಯ್ಯೋ, ಹಾಗನ್ಬೇಡಿ! ಬರ್ತೀನಿ ಅನ್ನಿ, ಬರ್ತೀನಿ.’

ಅವನು ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿದ್ದನ್ನು ನಾನು ಅಮ್ಮನಿಗೆ ಹೇಳಬೇಕಾಯಿತು. ತಾನು ಮತ್ತೆ ಬರುವುದಿಲ್ಲ, ಬರಲಾಗುವುದಿಲ್ಲ; ಬಾರದೆ ಇರುವವರು ಆ ಮಾತು ಕೂಗಬಾರದು, ಮಕ್ಕಳಿಗೆ ತಾನೇ ಹಾಗೆ ಹೇಳಿಕೊಟ್ಟಿದ್ದೇನೆ ಎಂದಿದ್ದ.

‘ಬಂದೇ ಬರ್ತೀವಿ ಅಂತಲ್ಲಪ್ಪಾ ಅದು’ ಎಂದಳು ಅಮ್ಮ. ಅವನು ಬಗ್ಗಿ ನಮಸ್ಕರಿಸಿ ಗೇಟು ದಾಟಿ ಹೋದ. ಮನೆಯವರೆಗೂ ಅಮ್ಮ ‘ಹಾಗೇ ಹೋಗ್ಬಿಟ್ರಲ್ಲ’ ಎನ್ನುತ್ತಲೇ ಬಂದಳು.

ಅವನು ಬರಲಿಲ್ಲ. ಪ್ರಣವನ ಮನೆಯವರು ಸಿಂಗಪುರಕ್ಕೆ ಹೋದರು. ಹರುಕಾ ಉತ್ತರದ ಯಾವುದೋ ಊರಿನಲ್ಲಿ ನರ್ಸಿಂಗ್ ಓದುತ್ತಿದ್ದಾಳೆ. ಅಪ್ಪ ಅಮ್ಮ ಬೆಂಗಳೂರಿಗೆ ಮರಳಿದರು. ಜಪಾನೀ ಶಾಲೆಯಲ್ಲಿ ಬೇರುಬಿಟ್ಟ ನಾನು ಓದಲು ಕ್ಯೋಟೋದಲ್ಲಿ ಉಳಿದೆ. ಹೋದ ವರ್ಷ ಟೋಕಿಯೋಗೆ ಹೋದಾಗ ನದಿದಂಡೆ ನೋಡಿಬಂದೆ. ನಮ್ಮ ಜಾಗದಲ್ಲಿ ಬೇರೆ ಮಕ್ಕಳು ಬೇಸ್‌ಬಾಲ್ ಆಡುತ್ತಿದ್ದರು, ಗಟ್ಟಿಯಾಗಿ ಕೂಗುತ್ತಿದ್ದರು. ನಾನೂ ಈಗ ಚೆನ್ನಾಗಿಯೇ ಕೂಗುತ್ತೇನೆ, ಕಾಲೇಜಿನಲ್ಲಿ ನನ್ನ ಗಂಟಲಿಗೆ ಹೆಸರಿದೆ. ಆದರೆ ‘ಮೆಲ್ಲಗೆ’ ಎನ್ನುವವರು ಯಾರೂ ಇಲ್ಲ. ಬೆಳಿಗ್ಗೆ ಸೈಕಲ್ ಕೀಲಿ ಹಿಡಿದು ನನ್ನ ಒಂದು ಕೋಣೆಯ ಮನೆಯ ಬಾಗಿಲು ಎಳೆದುಕೊಳ್ಳುವಾಗ ಬಾಯಿಗೆ ಅದೇ ಮಾತು ಬರುತ್ತದೆ. ಒಳಗೆ ಯಾರಿದ್ದಾರೆ ಉತ್ತರಿಸಲು? ನುಂಗಿಕೊಂಡು ಹೊರಡುತ್ತೇನೆ.

ಮೊನ್ನೆ ಭಾನುವಾರ ಫೋನಿನಲ್ಲಿ ಮೆಲ್ಬರ್ನಿನ ಆ ಕ್ಲಬ್ಬಿನ ಅಭ್ಯಾಸದ ಒಂದು ಪುಟ್ಟ ವಿಡಿಯೋ ನೋಡಿದೆ. ಗೆರೆಯ ಹೊರಗೆ ಟೋಪಿ ಹಾಕಿಕೊಂಡು ಡ್ಯಾನ್ ನಿಂತಿದ್ದಾನೆ, ಗಡ್ಡ ಬೆಳ್ಳಗಾಗಿದೆ. ಚೆಂಡು ಎತ್ತರಕ್ಕೆ ಬರುತ್ತದೆ. ಕೆಂಪು ಕೂದಲಿನ ಆಟಗಾರನೊಬ್ಬ ತನ್ನ ಜಾಗ ಬಿಟ್ಟು ಓಡುತ್ತಾ ಕೂಗುತ್ತಾನೆ. ನಾನು ಅದನ್ನು ಹಿಂದಕ್ಕೆ ಎಳೆದು ಮತ್ತೆ ಕೇಳಿದೆ, ಮತ್ತೆ ಕೇಳಿದೆ. ನಂಬಿಕೆ ಬರಲಿಲ್ಲ. ಬೆಂಗಳೂರಿಗೆ ಫೋನು ಹಚ್ಚಿದೆ. ಆ ಕಡೆ ಸಾಸಿವೆ ಸಿಡಿಯುವ ಸದ್ದು.

‘ಅಮ್ಮಾ, ಒಂದ್ನಿಮಿಷ. ಏನೂ ಕೇಳ್ಬೇಡ, ಇದನ್ನ ಕೇಳಿಸ್ಕೋ’ ಎಂದು ಲ್ಯಾಪ್‌ಟಾಪಿನಲ್ಲಿ ವಿಡಿಯೋ ಹಾಕಿ ಫೋನನ್ನು ಹತ್ತಿರ ಹಿಡಿದೆ.

‘ಬಾರ್ಟೀನೀ!’ ಎಂದು ಕೂಗಿದ ಆ ಕೆಂಪು ಕೂದಲಿನವನು.

ಅಮ್ಮ ಸೌಟಾಡಿಸುತ್ತಲೇ, ಯಾರು ಎಂದೂ ಕೇಳದೆ, ‘ಹೂಂ, ಹುಷಾರಾಗಿ ಹೋಗ್ಬಾ’ ಎಂದಳು.